ಐಟಿ ಸಪೋರ್ಟ್‌ನವರು ಬೇಸ್‌ಮೆಂಟ್ ಸೇರಿದ್ದು ಹೇಗೆ?

2006ರ ಫೆಬ್ರವರಿ 3ರಂದು ಬ್ರಿಟನ್ನಿನ ಚಾನೆಲ್ 4ರಲ್ಲಿ 'ದಿ ಐಟಿ ಕ್ರೌಡ್' ಎಂಬ ಹಾಸ್ಯ ಧಾರಾವಾಹಿ ಶುರುವಾಯಿತು. ಮೊದಲ ಕಂತಿನಲ್ಲೇ ಒಂದು ಸಂದರ್ಶನದ ದೃಶ್ಯವಿದೆ. ಜೆನ್ ಎಂಬಾಕೆ ಲಂಡನ್ನಿನ ರೇನ್‌ಹೋಮ್ ಇಂಡಸ್ಟ್ರೀಸ್ ಎಂಬ ಕಂಪನಿಗೆ ಕೆಲಸ ಕೇಳಿಕೊಂಡು ಬಂದಿದ್ದಾಳೆ. ಕಂಪ್ಯೂಟರ್ ಚೆನ್ನಾಗಿ ಗೊತ್ತು ಅಂತ ಅರ್ಜಿಯಲ್ಲಿ ಸುಳ್ಳು ಬರೆದುಬಿಟ್ಟಿದ್ದಾಳೆ. ಏನೇನು ಗೊತ್ತು ಅಂತ ಬಾಸ್ ಡೆನ್‌ಹೋಮ್ ಕೇಳಿದಾಗ ಅವಳು ಪಟ್ಟಿ ಒಪ್ಪಿಸುತ್ತಾಳೆ. ಇಮೇಲ್ ಕಳಿಸುವುದು, ಬಂದ ಇಮೇಲ್ ನೋಡುವುದು, ಇಮೇಲ್ ಅಳಿಸುವುದು. ಆಮೇಲೆ ಮೌಸ್, ಕ್ಲಿಕ್, ಡಬಲ್ ಕ್ಲಿಕ್, ಸ್ಕ್ರೀನು, ಕೀಬೋರ್ಡು. ಕೊನೆಗೆ, ಕೆಳಗೆ ನೆಲದ ಮೇಲೆ ಇಟ್ಟಿರುತ್ತಾರಲ್ಲ, ಅದು. ಕೆಲಸ ಸಿಕ್ಕೇಬಿಡುತ್ತದೆ! ಸುಮ್ನೆ ಕೆಲಸವಲ್ಲ, ಇಡೀ ಐಟಿ ವಿಭಾಗದ ಮುಖ್ಯಸ್ಥೆಯ ಕೆಲಸ. ಯಾಕೆಂದರೆ ಬಾಸ್‌ಗೂ ಅವಳಿಗಿಂತ ಜಾಸ್ತಿ ಏನೂ ಗೊತ್ತಿಲ್ಲ.

ಮೇಲಿನ ಮಹಡಿಗಳಲ್ಲಿ ಬೆಳಕೋ ಬೆಳಕು, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟ ಚೆಂದದ ಜನ. ಜೆನ್‌ಗೆ ಸಿಕ್ಕ ಜಾಗ ಮಾತ್ರ ಬೇಸ್‌ಮೆಂಟ್. ಅಲ್ಲಿ ಹಳೇ ಕಂಪ್ಯೂಟರು, ಕೇಬಲ್ಲು, ಕಾಮಿಕ್ಸ್ ರಾಶಿಯ ನಡುವೆ ಇಬ್ಬರು ಕೂತಿದ್ದಾರೆ. ಒಬ್ಬ ರಾಯ್, ಇನ್ನೊಬ್ಬ ಮಾಸ್. ಇಡೀ ಕಂಪನಿಯ ಕಂಪ್ಯೂಟರುಗಳನ್ನು ನಡೆಸುತ್ತಿರುವವರು ಇವರೇ. ಮೇಲಿನವರು ಬೇಕಾದಾಗ ಫೋನ್ ಮಾಡಿ, ಕೆಲಸ ಮುಗಿದ ಮೇಲೆ ನಿನ್ನೆಯ ಜ್ಯಾಮ್ ಥರ ಎಸೆಯುತ್ತಾರೆ ಅಂತ ರಾಯ್ ಸಿಟ್ಟಿನಿಂದ ದೂರುತ್ತಾನೆ. ಆ ಕಂತಿನ ಹೆಸರೂ ಅದೇ, 'ನಿನ್ನೆಯ ಜ್ಯಾಮ್'.

ಗ್ರಹಾಮ್ ಲೈನ್‌ಹನ್ ಬರೆದ ಈ ಸರಣಿ 2010ರವರೆಗೆ ನಾಲ್ಕು ಸೀಸನ್ ಓಡಿತು. ಒಟ್ಟು 24 ಕಂತು, 2013ರ ಸೆಪ್ಟೆಂಬರ್‌ನಲ್ಲಿ ಒಂದು ವಿಶೇಷ ಕಂತು. ರಾಯ್ ಆಗಿ ಕ್ರಿಸ್ ಓಡೌಡ್, ಮಾಸ್ ಆಗಿ ರಿಚರ್ಡ್ ಅಯೋಡೆ, ಜೆನ್ ಆಗಿ ಕ್ಯಾಥರೀನ್ ಪಾರ್ಕಿನ್ಸನ್. 2008ರಲ್ಲಿ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿ ಬಂತು. ಅಯೋಡೆ ಮತ್ತು ಪಾರ್ಕಿನ್ಸನ್ ಇಬ್ಬರಿಗೂ 2014ರಲ್ಲಿ ಬಾಫ್ಟಾ ಸಿಕ್ಕಿತು. ನಾನು ಹೇಳಹೊರಟಿದ್ದು ಪ್ರಶಸ್ತಿಗಳ ವಿಷಯವಲ್ಲ. ಒಂದು ಕಂಪನಿ ಯಾರಿಲ್ಲದೆ ಒಂದು ದಿನವೂ ನಡೆಯುವುದಿಲ್ಲವೋ ಅವರೇ ಯಾಕೆ ಕಣ್ಣಿಗೆ ಬೀಳದ ಜಾಗದಲ್ಲಿ ಕೂತಿದ್ದಾರೆ? ಧಾರಾವಾಹಿ ಈ ಪ್ರಶ್ನೆಯನ್ನು ನಗಿಸುತ್ತಲೇ ಕೇಳಿತು. ಉತ್ತರ ಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಕಂಪ್ಯೂಟರ್ ಮೊದಲು ಆಫೀಸಿಗೆ ಬಂದಿದ್ದು ಇದೇ ಲಂಡನ್ನಿನಲ್ಲಿ. ಜೆ. ಲಯನ್ಸ್ ಎಂಬ ಕಂಪನಿ ಊರ ತುಂಬ ಚಹಾ ಅಂಗಡಿ ನಡೆಸುತ್ತಿತ್ತು, ಕೇಕು ಬ್ರೆಡ್ಡು ಮಾರುತ್ತಿತ್ತು. 1951ರ ನವೆಂಬರ್‌ನಲ್ಲಿ ಅದು ತನ್ನ ಬೇಕರಿ ಲೆಕ್ಕವನ್ನು ಲಿಯೋ ಎಂಬ ಕಂಪ್ಯೂಟರಿಗೆ ಒಪ್ಪಿಸಿತು. ಅದರಲ್ಲಿ ಬಲ್ಬಿನಂಥ ಸುಮಾರು 6000 ಗಾಜಿನ ವಾಲ್ವ್‌ಗಳಿದ್ದವು. ಯಾವ ವಾಲ್ವ್ ಯಾವಾಗ ಸುಟ್ಟುಹೋಗುತ್ತದೆ ಅಂತ ಹೇಳುವ ಹಾಗಿರಲಿಲ್ಲ, ಎಂಜಿನಿಯರುಗಳು ಪಕ್ಕದಲ್ಲೇ ಇರಬೇಕಿತ್ತು. ಮುಂದಿನ ಇಪ್ಪತ್ತು ಮೂವತ್ತು ವರ್ಷ ದೊಡ್ಡ ಕಂಪನಿಗಳಲ್ಲಿ ಮೇನ್‌ಫ್ರೇಮ್, ಅಂದರೆ ಇಡೀ ಕಂಪನಿಗೆ ಒಂದೇ ಭಾರಿ ಕಂಪ್ಯೂಟರ್, ಇದ್ದ ಕಾಲ. ಕಂಪ್ಯೂಟರಿಗೆ ಎಸಿ ರೂಮು, ಎಷ್ಟೋ ಕಡೆ ಗಾಜಿನ ಗೋಡೆ. ಬಂದ ಅತಿಥಿಗಳಿಗೆ ಕಂಪನಿಯವರು ಅದನ್ನು ಹೆಮ್ಮೆಯಿಂದ ತೋರಿಸುತ್ತಿದ್ದರು. ಒಳಗೆ ಕೆಲಸ ಮಾಡುವವರಿಗೂ ಒಂದು ತೂಕವಿತ್ತು. ಉಳಿದ ನೌಕರರು ಆ ಮೆಷಿನ್ನನ್ನು ಮುಟ್ಟುತ್ತಲೇ ಇರಲಿಲ್ಲ, ಹಾಗಾಗಿ ಕೆಡಿಸುವ ಪ್ರಶ್ನೆಯೂ ಬರುತ್ತಿರಲಿಲ್ಲ.

1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪಿಸಿ ತಂದ ಮೇಲೆ ಇದು ತಲೆಕೆಳಗಾಯಿತು. ಕಂಪ್ಯೂಟರ್ ಗಾಜಿನ ರೂಮಿನಿಂದ ಹೊರಬಂದು ಒಬ್ಬೊಬ್ಬರ ಮೇಜಿನ ಮೇಲೂ ಕೂತಿತು. ಟೈಪ್‌ರೈಟರ್ ಮುಂದೆ ವರ್ಷಗಟ್ಟಲೆ ಕೂತವರ ಕೈಗೆ ಏಕಾಏಕಿ ಫ್ಲಾಪಿ, ಪ್ರಿಂಟರ್, ಆಮೇಲೆ ನೆಟ್‌ವರ್ಕ್. ತೊಂದರೆ ಬಂದರೆ ಕೇಳುವುದು ಯಾರನ್ನು? ಹೀಗೆ ಹೆಲ್ಪ್ ಡೆಸ್ಕ್ ಹುಟ್ಟಿಕೊಂಡಿತು. ಬ್ರಿಟನ್ ಸರ್ಕಾರದ ಸಿಸಿಟಿಎ ಎಂಬ ಸಂಸ್ಥೆ ಇಲಾಖೆಗಳ ಕಂಪ್ಯೂಟರ್ ಕೆಲಸಕ್ಕೆ ಒಂದು ಪದ್ಧತಿ ಇರಲಿ ಅಂತ 1980ರ ದಶಕದ ಕೊನೆಯಲ್ಲಿ ಪುಸ್ತಕಗಳ ಸರಣಿ ಹೊರತಂದಿತು. ಅದೇ ಐಟಿಐಎಲ್. ಇವತ್ತು ಬೆಂಗಳೂರಿನ ಸಪೋರ್ಟ್ ಕೆಲಸಗಾರರು ಸರ್ಟಿಫಿಕೇಟಿಗಾಗಿ ಕೂತು ಓದುವ ಐಟಿಐಎಲ್ ಕೂಡ ಇದೇ.

ಪದ್ಧತಿಯೇನೋ ಬಂತು, ಗೌರವ ಮಾತ್ರ ಬರಲಿಲ್ಲ. ಕಂಪನಿಯ ಲೆಕ್ಕದಲ್ಲಿ ಮಾರಾಟ ವಿಭಾಗ ದುಡ್ಡು ತರುತ್ತದೆ, ಸಪೋರ್ಟ್ ವಿಭಾಗ ದುಡ್ಡು ತಿನ್ನುತ್ತದೆ. ತಿನ್ನುವವರಿಗೆ ಕಿಟಕಿ ಇರುವ ರೂಮು ಯಾಕೆ? ಹೇಗೂ ಸರ್ವರು, ಕೇಬಲ್ಲು, ಕೆಟ್ಟ ಮಾನಿಟರುಗಳು ಕೆಳಗೇ ಇವೆ. ಅವರೂ ಅಲ್ಲೇ ಇರಲಿ. ಎಷ್ಟೋ ಆಫೀಸುಗಳಲ್ಲಿ ಆಗಿದ್ದು ಇಷ್ಟೇ.

ಟಿವಿಯ ಹಾಸ್ಯದಲ್ಲಿ ಅವರು ಒರಟರಾಗಿಯೂ ಕಾಣಿಸಿಕೊಂಡರು. ಅಮೆರಿಕದ 'ಸ್ಯಾಟರ್ಡೇ ನೈಟ್ ಲೈವ್'ನಲ್ಲಿ 1999ರ ಹೊತ್ತಿಗೆ ಜಿಮ್ಮಿ ಫ್ಯಾಲನ್ ಮಾಡುತ್ತಿದ್ದ ನಿಕ್ ಬರ್ನ್ಸ್ ಪಾತ್ರ ಹಾಗಿತ್ತು. ಸಹಾಯ ಕೇಳಿದವರನ್ನು ಕುರ್ಚಿಯಿಂದ ಎಬ್ಬಿಸಿ, ದಡ್ಡರೆಂದು ಬೈದು, ತಾನೇ ಸರಿಮಾಡಿ ಹೋಗುತ್ತಿದ್ದ. ನಗು ಬರುತ್ತಿತ್ತು, ಆದರೆ ಅವನು ಯಾಕೆ ಹಾಗಾದ ಅಂತ ಯಾರೂ ಕೇಳಲಿಲ್ಲ. ನನಗೆ ಅದಕ್ಕಿಂತ ಜಾಸ್ತಿ ಇಷ್ಟ 2001ರಲ್ಲಿ ನಾರ್ವೆಯ ಎನ್‌ಆರ್‌ಕೆ ವಾಹಿನಿಯಲ್ಲಿ ಬಂದ ಒಂದು ಪುಟ್ಟ ಪ್ರಹಸನ. ಮಧ್ಯಯುಗದ ಒಬ್ಬ ಸನ್ಯಾಸಿಗೆ ಸುರುಳಿ ಬಿಟ್ಟು ಪುಸ್ತಕ ಬಳಸಬೇಕಾಗಿ ಬಂದಿದೆ. ಹೇಗೆ ತೆರೆಯುವುದು ಅಂತಲೇ ಗೊತ್ತಿಲ್ಲ. ಪುಟ ತಿರುಗಿಸಿದರೆ ಹಿಂದಿನ ಬರಹ ಮಾಯವಾಗಿಬಿಡುತ್ತದಾ ಎಂಬ ಭಯ. ಹೆಲ್ಪ್ ಡೆಸ್ಕಿನವನು ಪಕ್ಕದಲ್ಲಿ ಕೂತು, ತಾಳ್ಮೆಯಿಂದ, ಪುಟ ಹಿಂದಕ್ಕೂ ಮುಂದಕ್ಕೂ ತಿರುಗಿಸಿ ತೋರಿಸುತ್ತಾನೆ. ಗೊತ್ತಿಲ್ಲದವನು ದಡ್ಡನಲ್ಲ, ಅವನಿಗೆ ಅದು ಹೊಸದು ಅಷ್ಟೇ ಎಂದು ಇಷ್ಟು ಪ್ರೀತಿಯಿಂದ ತೋರಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

'ಐಟಿ ಕ್ರೌಡ್' ಮಾಡಿದ್ದು ಇವೆರಡಕ್ಕಿಂತ ಬೇರೆ. ಅದು ಫೋನಿನ ಈ ತುದಿಯಲ್ಲಿ ಕೂತು ನೋಡಿತು. ರಾಯ್ ಫೋನ್ ಎತ್ತಿದ ಕೂಡಲೇ ಕೇಳುವುದು ಒಂದೇ ಪ್ರಶ್ನೆ: 'ಆಫ್ ಮಾಡಿ ಆನ್ ಮಾಡಿ ನೋಡಿದ್ರಾ?' ಲೋಕವೆಲ್ಲ ಸಪೋರ್ಟ್‌ನವರನ್ನು ಹಂಗಿಸಲು ಈ ಮಾತನ್ನು ಎತ್ತಿಕೊಂಡಿತು. ಇವರಿಗೆ ಬೇರೇನೂ ಬರಲ್ಲ, ಇದನ್ನು ಹೇಳೋಕೆ ಸಂಬಳ ಬೇರೆ ಅಂತ. ಆ ಹಂಗಿಸುವಿಕೆ ತಪ್ಪು. ರಾಯ್ ಹೇಳುವುದು ಸರಿಯಾದ ಮಾತು.

ಕಂಪ್ಯೂಟರ್ ಗಂಟೆಗಟ್ಟಲೆ, ದಿನಗಟ್ಟಲೆ ಓಡುತ್ತಿದ್ದರೆ ಅದರ ಮೆಮೊರಿ, ಬಳಸಿದ ಪಾತ್ರೆಗಳನ್ನು ಎತ್ತಿಡದ ಅಡುಗೆ ಕಟ್ಟೆಯಂತಾಗುತ್ತದೆ. ಒಂದು ಪ್ರೋಗ್ರಾಂ ತೆಗೆದುಕೊಂಡ ಜಾಗವನ್ನು ವಾಪಸ್ ಕೊಡುವುದಿಲ್ಲ. ಇನ್ನೊಂದು, ಎಂದೂ ಬರದ ಉತ್ತರಕ್ಕೆ ಕಾಯುತ್ತಾ ನಿಂತುಬಿಡುತ್ತದೆ. ಇದು ಎಲ್ಲಿ ಯಾವಾಗ ಆಯಿತು ಅಂತ ಹುಡುಕಲು ದಿನಗಳೇ ಬೇಕು. ಆಫ್ ಮಾಡಿ ಆನ್ ಮಾಡಿದರೆ ಆ ಮೆಮೊರಿ ಖಾಲಿಯಾಗಿ, ಎಲ್ಲವೂ ಗೊತ್ತಿರುವ ಒಂದು ಸ್ಥಿತಿಯಿಂದ ಮತ್ತೆ ಶುರುವಾಗುತ್ತದೆ. ಪ್ಲಗ್ ಹಾಕಿದೆಯೋ ಇಲ್ಲವೋ ಎಂಬುದೂ, ಕೇಳಿದವರಿಗೆ ಮುಜುಗರವಾಗದ ಹಾಗೆ ಗೊತ್ತಾಗುತ್ತದೆ.

ಇದು ಆಫೀಸ್ ಪಿಸಿಗಳ ಕಥೆ ಮಾತ್ರ ಅಲ್ಲ. ಬೋಯಿಂಗ್ 787 ವಿಮಾನಕ್ಕೆ 248 ದಿನ ಎಡೆಬಿಡದೆ ವಿದ್ಯುತ್ ಹರಿಯುತ್ತಿದ್ದರೆ ಅದರ ಜನರೇಟರುಗಳನ್ನು ನಿಯಂತ್ರಿಸುವ ಘಟಕಗಳು ಒಟ್ಟಿಗೇ ಕೈಕೊಡಬಹುದು ಅಂತ 2015ರಲ್ಲಿ ಗೊತ್ತಾಯಿತು. ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಕೊಟ್ಟ ಆದೇಶವೇನು? ಅಷ್ಟು ದಿನ ಆಗುವ ಮೊದಲೇ ಆಫ್ ಮಾಡಿ ಆನ್ ಮಾಡಿ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಆಗಿದ್ದು ಇನ್ನೂ ಘೋರ. ಶತ್ರು ಕ್ಷಿಪಣಿಗಳನ್ನು ಆಕಾಶದಲ್ಲೇ ಹೊಡೆಯಲು ಅಮೆರಿಕದವರು ಅಲ್ಲಿ ಇಟ್ಟಿದ್ದ ಪೇಟ್ರಿಯಾಟ್ ವ್ಯವಸ್ಥೆಯ ಕಂಪ್ಯೂಟರ್ 100 ಗಂಟೆಗೂ ಜಾಸ್ತಿ ಹೊತ್ತಿನಿಂದ ಓಡುತ್ತಲೇ ಇತ್ತು. ಅದರ ಸಮಯದ ಲೆಕ್ಕ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಪ್ಪಿತ್ತು. ಬರುತ್ತಿದ್ದ ಇರಾಕ್‌ನ ಸ್ಕಡ್ ಕ್ಷಿಪಣಿಯನ್ನು ಅದು ತಪ್ಪು ಜಾಗದಲ್ಲಿ ಹುಡುಕಿತು. 28 ಅಮೆರಿಕನ್ ಸೈನಿಕರು ಸತ್ತರು. ತುಂಬಾ ಹೊತ್ತು ಓಡಿಸಿದರೆ ತೊಂದರೆ ಅಂತ ಕೆಲವೇ ದಿನ ಮೊದಲು ಸಂದೇಶ ಹೋಗಿತ್ತು, ಆದರೆ ತುಂಬಾ ಹೊತ್ತು ಅಂದರೆ ಎಷ್ಟು ಅಂತ ಅದರಲ್ಲಿ ಇರಲಿಲ್ಲ. ಒಂದು ರೀಸ್ಟಾರ್ಟ್ ಅವರನ್ನು ಉಳಿಸಬಹುದಿತ್ತು.

ಮತ್ತೆ ಬೇಸ್‌ಮೆಂಟಿಗೆ ಬರೋಣ. ಮೂರನೇ ಸೀಸನ್‌ನ ಒಂದು ಕಂತಿನಲ್ಲಿ ಜೆನ್ ಭಾಷಣ ಮಾಡಬೇಕಾಗಿದೆ. ರಾಯ್, ಮಾಸ್ ಅವಳ ಕೈಗೆ ಕೆಂಪು ದೀಪ ಮಿನುಗುವ ಒಂದು ಕಪ್ಪು ಡಬ್ಬಿ ಕೊಟ್ಟು, ಇದೇ ಇಂಟರ್ನೆಟ್, ಲಂಡನ್ನಿನ ಗಡಿಯಾರ ಗೋಪುರ ಬಿಗ್ ಬೆನ್ ತುದಿಯಿಂದ ತಂದಿದ್ದೇವೆ ಎನ್ನುತ್ತಾರೆ. ಅವಳು ನಂಬುತ್ತಾಳೆ. ಇವರು ಕಾಯುತ್ತಿದ್ದದ್ದು ಸಭೆಯೆಲ್ಲ ಅವಳನ್ನು ನೋಡಿ ನಗುವುದಕ್ಕೆ. ಆದರೆ ಕೋಟು ಟೈ ಹಾಕಿದ ದೊಡ್ಡವರೆಲ್ಲ ಬೆರಗಾಗಿ ಆ ಡಬ್ಬಿಯನ್ನು ನೋಡುತ್ತಾರೆ. ಕಂಪನಿ ನಡೆಸುವವರಿಗೆ ಕಂಪನಿ ಯಾವುದರ ಮೇಲೆ ನಿಂತಿದೆ ಅಂತಲೇ ಗೊತ್ತಿಲ್ಲ. ಇದೇ ಕಂತಿನ ಇನ್ನೊಂದು ಎಳೆಯಲ್ಲಿ ಒಬ್ಬ ಟ್ರಾನ್ಸ್ ಮಹಿಳೆಯನ್ನು ನಗೆಪಾಟಲು ಮಾಡಿದ್ದಾರೆ. ಅದಕ್ಕೆ ಆಮೇಲೆ ಬಂದ ಟೀಕೆ ನ್ಯಾಯವಾದದ್ದು. ಮೂಲೆಗೆ ತಳ್ಳಿದವರ ಪರ ನಿಂತ ಧಾರಾವಾಹಿ ಅಲ್ಲಿ ತಾನೇ ಇನ್ನೊಬ್ಬರನ್ನು ಮೂಲೆಗೆ ತಳ್ಳಿತು.

ಅಮೆರಿಕದವರೂ ಜರ್ಮನಿಯವರೂ ಇದನ್ನು ತಮ್ಮಲ್ಲಿ ಮಾಡಲು ನೋಡಿದರು. ಅಮೆರಿಕದ್ದು ಪರೀಕ್ಷಾ ಕಂತಿಗೇ ನಿಂತಿತು, ಜರ್ಮನಿಯದ್ದೂ ಬೇಗ ಮುಗಿಯಿತು.

ಈ ನಡುವೆ ನಿಜವಾದ ರಾಯ್‌ಗಳ ಕೆಲಸ ಎಲ್ಲಿಗೆ ಹೊರಟಿತ್ತು? ನಮ್ಮೂರಿಗೆ. 2000ದ ಆಸುಪಾಸು ಸಮುದ್ರದಡಿಯ ಕೇಬಲ್‌ಗಳಿಂದ ಫೋನ್, ಡೇಟಾ ಅಗ್ಗವಾಯಿತು. ಬೇಸ್‌ಮೆಂಟಿನಲ್ಲಿ ಕೂತು ಮಾತಾಡುವವನು ಇನ್ನೊಂದು ಖಂಡದಲ್ಲಿ ಕೂತು ಮಾತಾಡಿದರೂ ಆಗುತ್ತದೆ, ಅಲ್ವಾ? ಡೆಲ್ 2001ರಲ್ಲಿ ಬೆಂಗಳೂರಿನಲ್ಲಿ ಕಾಲ್ ಸೆಂಟರ್ ತೆರೆಯಿತು. 2003ರ ನವೆಂಬರ್‌ನಲ್ಲಿ ಅಮೆರಿಕದ ಕಾರ್ಪೊರೇಟ್ ಗ್ರಾಹಕರ ಕರೆಗಳನ್ನು ವಾಪಸ್ ಅಲ್ಲಿಗೇ ತಿರುಗಿಸಿತು. ಉಚ್ಚಾರಣೆ ಅರ್ಥವಾಗುವುದಿಲ್ಲ, ಬರೆದುಕೊಟ್ಟದ್ದನ್ನೇ ಓದುತ್ತಾರೆ ಎಂಬ ದೂರುಗಳಿದ್ದವು. ಬರೆದುಕೊಟ್ಟವರು ಯಾರು, ಅದನ್ನು ಬಿಟ್ಟು ಮಾತಾಡುವ ಸ್ವಾತಂತ್ರ್ಯ ಕೊಡದವರು ಯಾರು ಅಂತಲೂ ಕೇಳಬೇಕಿತ್ತು.

ಲಂಡನ್ನಿನ ಆಫೀಸ್ ಬೆಳಿಗ್ಗೆ ಒಂಬತ್ತಕ್ಕೆ ತೆರೆದರೆ ಬೇಸಿಗೆಯಲ್ಲಿ ನಮಗೆ ಮಧ್ಯಾಹ್ನ ಒಂದೂವರೆ. ಅಮೆರಿಕದ್ದಾದರೆ ಪೂರಾ ರಾತ್ರಿ. ಮಕ್ಕಳು ಮಲಗುವ ಹೊತ್ತಿಗೆ ಕ್ಯಾಬ್ ಹತ್ತಿ ಹೋಗುವ ಅಪ್ಪ ಅಮ್ಮಂದಿರು ಬೆಂಗಳೂರಿಗೆ ಮಾಮೂಲಾದರು. 2005ರ ಡಿಸೆಂಬರ್‌ನಲ್ಲಿ ನಗರದ ಒಬ್ಬ ಬಿಪಿಒ ಉದ್ಯೋಗಿ ರಾತ್ರಿ ಶಿಫ್ಟಿಗೆ ಹೊರಟಾಗ ಕ್ಯಾಬ್ ಚಾಲಕನಿಂದ ಕೊಲೆಯಾದರು. ಆ ಕ್ಯಾಬ್‌ಗಳ ಸುರಕ್ಷತೆಯ ಚರ್ಚೆ ಆಗ ಜೋರಾಯಿತು. ಲಂಡನ್ನಿನ ಆ ಧಾರಾವಾಹಿ ಶುರುವಾಗಲು ಇನ್ನು ಎರಡು ತಿಂಗಳೂ ಇರಲಿಲ್ಲ. ಗಾಜಿನ ರೂಮಿನಿಂದ ಬೇಸ್‌ಮೆಂಟ್, ಬೇಸ್‌ಮೆಂಟಿನಿಂದ ಸಮುದ್ರದಾಚೆ. ಪ್ರತಿ ಸಲವೂ ಕೆಲಸ ಮಾಡುವವರು ಕಣ್ಣಿಂದ ಇನ್ನಷ್ಟು ದೂರ ಹೋದರು.

2024ರ ಜುಲೈ 19, ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ತಪ್ಪು ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕೂತವು. ಆಸ್ಪತ್ರೆ, ಬ್ಯಾಂಕು, ವಿಮಾನ ನಿಲ್ದಾಣ ಎಲ್ಲ ಕಡೆ ಪರದಾಟ. ಭಾರತದಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದು ಕೊಟ್ಟರು, ಬೆಂಗಳೂರಿನ ನಿಲ್ದಾಣದಲ್ಲೂ ಚೆಕ್-ಇನ್ ಕೈಕೊಟ್ಟಿತು. ಮೈಕ್ರೋಸಾಫ್ಟ್ ತನ್ನ ಕ್ಲೌಡ್ ಗ್ರಾಹಕರಿಗೆ ಕೊಟ್ಟ ಸಲಹೆಗಳಲ್ಲಿ ಒಂದು, ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಿ, ಕೆಲವರಿಗೆ 15 ಸಲ ಬೇಕಾಗಿದೆ ಎಂದಾಗಿತ್ತು. ಉಳಿದ ಬಹುಪಾಲು ಮೆಷಿನ್‌ಗಳಿಗೆ ದೂರದಿಂದ ಏನೂ ಮಾಡುವಂತಿರಲಿಲ್ಲ. ಒಬ್ಬ ಮನುಷ್ಯ ಒಂದೊಂದು ಕಂಪ್ಯೂಟರಿನ ಮುಂದೆಯೂ ನಿಂತು, ಕನಿಷ್ಠ ಪ್ರೋಗ್ರಾಂಗಳಷ್ಟೇ ಓಡುವ ಸೇಫ್ ಮೋಡ್‌ಗೆ ಹೋಗಿ, ಅಪ್‌ಡೇಟಿನಲ್ಲಿ ಬಂದ ತಪ್ಪು ಫೈಲನ್ನು ಅಳಿಸಬೇಕಿತ್ತು. ಡಿಸ್ಕ್ ಲಾಕ್ ಆಗಿದ್ದರೆ ಮೊದಲು 48 ಅಂಕಿಗಳ ಕೀ ಟೈಪ್ ಮಾಡಬೇಕಿತ್ತು. ಆ ವಾರಾಂತ್ಯ ನಿದ್ದೆಗೆಟ್ಟು ಆ ಕೆಲಸ ಮಾಡಿದವರು ಇದೇ ಸಪೋರ್ಟ್ ಜನ.

ಮುಂದಿನ ವಾರ ಕ್ರೌಡ್‌ಸ್ಟ್ರೈಕ್, ಸರಿಪಡಿಸಲು ಕೈಜೋಡಿಸಿದ ತನ್ನ ಸಿಬ್ಬಂದಿಗೂ ಪಾಲುದಾರ ಕಂಪನಿಗಳವರಿಗೂ ಕೃತಜ್ಞತೆ ಹೇಳಿ, ಊಟ ತರಿಸುವ ಉಬರ್ ಈಟ್ಸ್‌ನ ಒಂದು ಕೂಪನ್ ಕಳಿಸಿತು. ಕಾಫಿಗೋ ತಡರಾತ್ರಿಯ ತಿಂಡಿಗೋ ಅಂತ, ತಲಾ 10 ಡಾಲರ್. ಒಮ್ಮೆಗೇ ಅಷ್ಟು ಜನ ಬಳಸಲು ಹೋದದ್ದರಿಂದ ಉಬರ್‌ನ ವ್ಯವಸ್ಥೆ ಇದೇನೋ ಮೋಸ ಎಂದುಕೊಂಡು ಅದನ್ನು ತಡೆಹಿಡಿಯಿತು. ಕೆಲವರಿಗೆ ಆ 10 ಡಾಲರೂ ಸಿಗಲಿಲ್ಲ.