ಬಂದೂಕಿಗೆ ಲೈಸೆನ್ಸ್ ಇದೆಯಾ ಅಂತ ತಿಳಿಯುವುದು ಹೇಗೆ?

ಬೆಂಗಳೂರಿನ ವಿಜಯನಗರದಲ್ಲಿ ನಾವು ನಾಲ್ಕೈದು ಜನ ಸೇರಿ ಪರೀಕ್ಷೆಗೆ ಓದುತ್ತೇವೆ. ಹೋದ ವಾರ ಶಸ್ತ್ರಾಸ್ತ್ರ ಕಾಯ್ದೆ ನಡೆಯುತ್ತಿತ್ತು. "ಗಾಡಿ ನಂಬರ್ ಹಾಕಿದರೆ ವಿವರ ಬರುತ್ತಲ್ವಾ, ಹಾಗೇ ಗನ್ ನಂಬರ್ ಹಾಕಿ ನೋಡೋಕಾಗುತ್ತಾ?" ಅಂತ ಒಬ್ಬ ಕೇಳಿದ. ಆಗುವುದಿಲ್ಲ. ಯಾಕೆ ಆಗುವುದಿಲ್ಲ ಅಂತ ಅರ್ಥವಾದರೆ ಪಾಠ ಮುಕ್ಕಾಲು ಮುಗಿದಂತೆ.

ಗಾಡಿಯ ವಿಷಯದಲ್ಲಿ ನೋಂದಣಿ ಆಗುವುದು ಗಾಡಿಗೆ. ಡಿಎಲ್ ಇದ್ದವರಿಗೆ ಒಂದು ದಿನ ಓಡಿಸಲು ಕೊಟ್ಟರೂ ತಪ್ಪಿಲ್ಲ. ಬಂದೂಕಿನ ಲೆಕ್ಕವೇ ಬೇರೆ. 1959ರ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಬಂದೂಕು ಇಟ್ಟುಕೊಳ್ಳುವ ಮನುಷ್ಯನಿಗೆ ಲೈಸೆನ್ಸ್ ಬೇಕು. ಅವನ ಲೈಸೆನ್ಸ್‌ನಲ್ಲಿ ಬಂದೂಕಿನ ಬಗೆ, ಬೋರ್ (ನಳಿಗೆಯ ಒಳ ಅಗಲ), ನಂಬರ್ ಬರೆದಿರುತ್ತಾರೆ. ಹಾಗಾಗಿ "ಈ ಗನ್ ರಿಜಿಸ್ಟರ್ ಆಗಿದೆಯಾ" ಅಂತ ಕೇಳಿದರೆ ಅರ್ಧ ಮಾತ್ರ ಕೇಳಿದಂತೆ. ಈ ಗನ್ ಈ ಮನುಷ್ಯನ ಲೈಸೆನ್ಸ್‌ನಲ್ಲಿ ಇದೆಯಾ, ಆ ಲೈಸೆನ್ಸ್ ಇವತ್ತು ಚಾಲ್ತಿಯಲ್ಲಿದೆಯಾ ಅಂತ ಕೇಳಬೇಕು.

ನನಗೆ ಇದು ಮೊದಲು ಗೊತ್ತಾಗಿದ್ದು ಪುಸ್ತಕದಿಂದ ಅಲ್ಲ. ನಮ್ಮ ತಾತ ತೀರಿಕೊಂಡಾಗ ಮೂಡಿಗೆರೆ ಕಡೆಯ ತೋಟದ ಮನೆಯಲ್ಲಿ ಅವರ ಜೋಡುನಳಿಗೆ ಕೋವಿ ಹಾಗೇ ಉಳಿದಿತ್ತು. "ಲೈಸೆನ್ಸ್ ಇದೆಯಲ್ಲೋ, ಇರಲಿ ಬಿಡು" ಅಂದರು ದೊಡ್ಡಪ್ಪ. ಲೈಸೆನ್ಸ್ ಇದ್ದದ್ದು ತಾತನಿಗೆ. 21ನೇ ಸೆಕ್ಷನ್ ಪ್ರಕಾರ ಅಂಥ ಕೋವಿಯನ್ನು ತಡಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಜಮಾ ಮಾಡಬೇಕು. ಮನೆಯವರಲ್ಲಿ ಯಾರಿಗಾದರೂ ಬೇಕಿದ್ದರೆ ಅವರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು.

ಠಾಣೆಗೆ ನಾನೂ ಹೋಗಿದ್ದೆ. ಅಲ್ಲಿ ದಾಖಲೆ ಬರೆಯುವ ರೈಟರ್ ಕೋವಿ ಮಡಚಿದರು, ನಳಿಗೆ ಬಿಡಿಸಿ ಮಗುಚಿದರು. ಅಡಿಯಲ್ಲಿ ಎಣ್ಣೆ ಜಿಡ್ಡು. ಬಟ್ಟೆಯಲ್ಲಿ ಒರೆಸಿ ಒಂದೊಂದೇ ಅಂಕಿ ಓದಿದರು. ಕೊನೆಯದು 8. ಲೈಸೆನ್ಸ್ ಪುಸ್ತಕದಲ್ಲಿ ಮಾತ್ರ 3. ಯಾವ ಕಾಲದಲ್ಲೋ ಯಾರೋ ಇಂಕಿನಲ್ಲಿ ಬರೆದ 3, ಪ್ರತಿ ರಿನ್ಯೂವಲ್‌ನಲ್ಲೂ ಹಾಗೇ ಉಳಿದುಕೊಂಡು ಬಂದಿತ್ತು. ಯಾರೂ ಕೋವಿ ತಿರುಗಿಸಿ ನೋಡಿರಲೇ ಇಲ್ಲ! ಆ ಒಂದು ಅಂಕಿ ತಿದ್ದಿಸಲು ದೊಡ್ಡಪ್ಪ ಹಳೆ ಖರೀದಿ ಚೀಟಿ ಹಿಡಿದು ಮೂರು ತಿಂಗಳು ಓಡಾಡಿದರು. ಕಾಗದ ನೋಡಿದರೆ ಸಾಲದು, ಲೋಹದ ಮೇಲೆ ಕೊರೆದಿರುವುದನ್ನೂ ಓದಬೇಕು ಅನ್ನುವುದು ಅವತ್ತೇ ತಲೆಗೆ ಹೋಯಿತು.

ಆ ನಂಬರನ್ನು ಯಾರಾದರೂ ಉಜ್ಜಿ ಅಳಿಸಿದ್ದರೆ? 8ನೇ ಸೆಕ್ಷನ್ ನೋಡಿ. ಗುರುತು ಅಳಿಸಿದ ಬಂದೂಕು ಯಾರ ಹತ್ತಿರ ಸಿಗುತ್ತದೋ ಅವರೇ ಅಳಿಸಿದ್ದು ಅಂತ ಕಾನೂನು ಭಾವಿಸುತ್ತದೆ. ಅಲ್ಲ ಅಂತ ಸಾಬೀತು ಮಾಡುವ ಹೊಣೆ ಅವರದೇ. ಪರೀಕ್ಷೆಗೆ ಇದು ಮುಖ್ಯ.

ಇನ್ನು ಕಾಗದ. ಬೆಂಗಳೂರು ನಗರದಲ್ಲಿ ಲೈಸೆನ್ಸ್ ಕೊಡುವವರು ಪೊಲೀಸ್ ಕಮಿಷನರ್, ಕಚೇರಿ ಇನ್‌ಫೆಂಟ್ರಿ ರಸ್ತೆಯಲ್ಲಿದೆ. ಜಿಲ್ಲೆಗಳಲ್ಲಿ ಡಿಸಿ. ಎಲ್ಲ ಲೈಸೆನ್ಸ್‌ಗಳ ವಿವರ ಕೇಂದ್ರ ಗೃಹ ಇಲಾಖೆಯ ಡೇಟಾಬೇಸ್‌ನಲ್ಲಿ ಸೇರಬೇಕು. ಸೇರಿದಾಗ ಯುಐಎನ್ ಅನ್ನುವ ಗುರುತಿನ ಸಂಖ್ಯೆ ಬರುತ್ತದೆ. ಅದಿಲ್ಲದ ಹಳೆ ಪುಸ್ತಕಕ್ಕೆ ಈಗ ಬೆಲೆಯಿಲ್ಲ. 2019ರ ತಿದ್ದುಪಡಿಯಿಂದ ಲೈಸೆನ್ಸ್ ಅವಧಿ 3ರಿಂದ 5 ವರ್ಷಕ್ಕೆ ಏರಿತು, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು 3ರಿಂದ 2ಕ್ಕೆ ಇಳಿಯಿತು. ಯಾವ ಪ್ರದೇಶಕ್ಕೆ ಚಾಲ್ತಿ ಅನ್ನುವ ಸಾಲನ್ನು ನಾವು ಓದುವುದೇ ಇಲ್ಲ. ಬೇರೆ ರಾಜ್ಯದ ಲೈಸೆನ್ಸ್ ಹಿಡಿದು ಇಲ್ಲಿ ಗನ್‌ಮ್ಯಾನ್ ಕೆಲಸಕ್ಕೆ ಬಂದವರ ವಿಷಯದಲ್ಲಿ ಅದೇ ಮೊದಲು ನೋಡಬೇಕಾದದ್ದು.

ಜಯನಗರದ ಒಡವೆ ಅಂಗಡಿ ಮುಂದೆ ಸ್ಟೂಲ್ ಹಾಕಿ ಕೂತ ಗನ್‌ಮ್ಯಾನ್‌ನನ್ನು ನಾವು ನೀವು "ಲೈಸೆನ್ಸ್ ತೋರಿಸು" ಅನ್ನುವ ಹಾಗಿಲ್ಲ. ಆ ಅಧಿಕಾರ 19ನೇ ಸೆಕ್ಷನ್‌ನಲ್ಲಿ ಪೊಲೀಸರಿಗೆ ಇದೆ. ತೋರಿಸದಿದ್ದರೆ ಬಂದೂಕನ್ನು ವಶಕ್ಕೆ ತೆಗೆದುಕೊಳ್ಳಬಹುದು. ಅನುಮಾನ ಬಂದರೆ ನಾವು 112ಕ್ಕೆ ಫೋನ್ ಮಾಡಬೇಕು, ಇಲ್ಲವೇ ಠಾಣೆಗೆ ಹೇಳಬೇಕು. ಸುಮ್ನೆ ಮುಟ್ಟಿ ನೋಡಲು ಹೋಗಬೇಡಿ. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ 2ರಿಂದ 5 ವರ್ಷ ಜೈಲು, ಜೊತೆಗೆ ದಂಡ.

ಒಬ್ಬರಿಂದ ಒಬ್ಬರು ನೇರವಾಗಿ ಕೊಳ್ಳುವಾಗ 5ನೇ ಸೆಕ್ಷನ್ ಬರುತ್ತದೆ. ಯಾರಿಗೆ ಮಾರುತ್ತೇನೆ ಅಂತ ಮಾರುವವರು ಮೊದಲೇ ಬರೆದು ತಿಳಿಸಬೇಕು, 45 ದಿನ ಕಳೆಯಬೇಕು. ಕೊಳ್ಳುವವರಿಗೆ ಅಷ್ಟರಲ್ಲಿ ಲೈಸೆನ್ಸ್ ಇರಲೇಬೇಕು. "ಇವತ್ತು ದುಡ್ಡು ಕೊಡಿ, ಪೇಪರ್ ಆಮೇಲೆ" ಅಂದರೆ ಅಲ್ಲೇ ಎದ್ದು ಬನ್ನಿ.

ಕೊಡಗಿನ ವಿನಾಯಿತಿ ಮರೆಯಬೇಡಿ. ಕೊಡವರಿಗೆ, ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಕೆಲವು ಬಗೆಯ ಬಂದೂಕುಗಳಿಗೆ ಲೈಸೆನ್ಸ್ ಬೇಕಿಲ್ಲ. 2029ರ ಅಕ್ಟೋಬರ್‌ವರೆಗೆ ಇದು ಜಾರಿಯಲ್ಲಿದೆ. ಅವರ ಹತ್ತಿರ ಲೈಸೆನ್ಸ್ ಬದಲು ವಿನಾಯಿತಿ ಪತ್ರ ಇರುತ್ತದೆ, ಅದನ್ನು ನೋಡಬೇಕು. ನಮ್ಮ ಮೂಡಿಗೆರೆಗೆ ಆ ಭಾಗ್ಯ ಇಲ್ಲ.

"ಕಡಲೆಕಾಯಿ ಪರಿಷೆಯಲ್ಲಿ ಬಲೂನ್ ಹೊಡೆಯೋ ಗನ್ನಿಗೆ?" ಅಂತ ಅದೇ ಗೆಳೆಯ ಕೊನೆಗೆ ಕೇಳಿದ. ಏರ್‌ಗನ್ನಿನ ಬೋರ್ 0.177 ಇಂಚು ಮೀರದಿದ್ದರೆ, ಶಕ್ತಿ 20 ಜೂಲ್ ದಾಟದಿದ್ದರೆ ಲೈಸೆನ್ಸ್ ಬೇಡ. ಇದು 2016ರ ನಿಯಮಗಳಲ್ಲಿದೆ.