ಎಡ ಬೇಲಿಯಾಚೆಯ ಪಿಕಪ್ ಗಾಡಿಗಳು

ಆಟದ ಮೈದಾನ ಕಟ್ಟುವುದು ನನ್ನ ಕೆಲಸ. ಕಾಲೇಜಿನವರು ನಕ್ಷೆ ಮಾಡಿಸಲು ಬಂದರೆ ಮೊದಲ ಪ್ರಶ್ನೆ ಒಂದೇ: "ಸರ್, ವಿಐಪಿ ಗ್ಯಾಲರಿ ಎಲ್ಲಿ ಬರುತ್ತೆ?" ಮಳೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರು ಇಷ್ಟು ವರ್ಷದಲ್ಲಿ ಇಬ್ಬರೋ ಮೂವರೋ ಇರಬಹುದು. ಹುಡುಗರು ಎಲ್ಲಿ ಕೂರುತ್ತಾರೆ ಎಂದು ಕೇಳಿದವರು ಯಾರೂ ಇಲ್ಲ. ಅಂಥವರಿಗೆ ನಾನು ಡ್ಯೂಡಿ ನೋಬಲ್ ಫೀಲ್ಡ್‌ನ ಕಥೆ ಹೇಳುತ್ತೇನೆ.

ಅದು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಸ್ಟಾರ್ಕ್‌ವಿಲ್ ಎಂಬ ಊರಿನಲ್ಲಿದೆ. ಊರಿನ ಜನಸಂಖ್ಯೆ ಸುಮಾರು 24 ಸಾವಿರ. ನಮ್ಮ ಲೆಕ್ಕದಲ್ಲಿ ಒಂದು ಸಣ್ಣ ತಾಲ್ಲೂಕು ಕೇಂದ್ರ. 2023ರ ಏಪ್ರಿಲ್ 15ರಂದು ಅಲ್ಲಿ ನಡೆದ ಒಂದು ಬೇಸ್‌ಬಾಲ್ ಪಂದ್ಯಕ್ಕೆ 16,423 ಜನ ಬಂದಿದ್ದರು. ಆಡಿದ್ದು ಮಿಸಿಸಿಪ್ಪಿ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಅದರ ಹಳೇ ವೈರಿ ಓಲ್ ಮಿಸ್, ಅಂದರೆ ಅದೇ ರಾಜ್ಯದ ಮಿಸಿಸಿಪ್ಪಿ ವಿಶ್ವವಿದ್ಯಾಲಯ. ಕ್ಯಾಂಪಸ್ಸಿನೊಳಗೆ ನಡೆದ ಕಾಲೇಜು ಬೇಸ್‌ಬಾಲ್ ಪಂದ್ಯಕ್ಕೆ ಅಲ್ಲಿಯವರೆಗೆ ಯಾವತ್ತೂ ಅಷ್ಟು ಜನ ಸೇರಿರಲಿಲ್ಲ. ಮುರಿದ ದಾಖಲೆಯೂ ಇದೇ ಮೈದಾನದ್ದು. 2014ರಲ್ಲಿ 15,586. ಅದಕ್ಕೂ ಹಿಂದೆ 1989ರಲ್ಲಿ 14,991. ತಮ್ಮ ದಾಖಲೆಯನ್ನು ತಾವೇ ಮುರಿಯುತ್ತಾ ಬಂದಿದ್ದಾರೆ.

ನನ್ನ ಅಕ್ಕನ ಮಗ ಅಲ್ಲಿ ಎಂ.ಎಸ್. ಓದುತ್ತಿದ್ದ. ಅವನನ್ನು ನೋಡಲು ಹೋದಾಗ ಕರೆದುಕೊಂಡು ಹೋದ. "ಮಾವ, ಸ್ಕೋರು ಅರ್ಥ ಆಗದಿದ್ದರೆ ತಲೆ ಕೆಡಿಸ್ಕೋಬೇಡಿ. ಊಟ ಅರ್ಥ ಆಗುತ್ತೆ," ಅಂದ. ಸರಿಯಾಗೇ ಹೇಳಿದ್ದ. ಮೈದಾನ ಕಾಣುವ ಮೊದಲೇ ಮಾಂಸ ಸುಡುವ ವಾಸನೆ ಬಂತು. ಹೊಗೆ ಏಳುತ್ತಿದ್ದದ್ದು ಬ್ಯಾಟ್ ಮಾಡುವವನಿಗೆ ಎಡಗಡೆ ಬರುವ ಬೌಂಡರಿ ಬೇಲಿಯ ಆಚೆಯಿಂದ. ಅದೇ ಲೆಫ್ಟ್ ಫೀಲ್ಡ್ ಲೌಂಜ್.

ಮೈದಾನ ಈಗಿನ ಜಾಗಕ್ಕೆ ಬಂದದ್ದು 1967ರಲ್ಲಿ. ಕ್ಲಾರ್ಕ್ ರ‍್ಯಾಂಡಾಲ್ಫ್ ನೋಬಲ್ ಎಂಬ ಹಳೇ ಕೋಚ್ ಇದ್ದರು. ಎಲ್ಲರೂ ಕರೆಯುತ್ತಿದ್ದದ್ದು ಡ್ಯೂಡಿ ಅಂತ. ಇದೇ ಕಾಲೇಜಿನಲ್ಲಿ ಆಡಿ, ಕೋಚ್ ಆಗಿ, ಆಮೇಲೆ ಇಡೀ ಕ್ರೀಡಾ ವಿಭಾಗದ ಮುಖ್ಯಸ್ಥರಾದವರು. ಮೈದಾನಕ್ಕೆ ಅವರದೇ ಹೆಸರು. ಇವತ್ತಿನ ಭಾರಿ ಗ್ಯಾಲರಿ ಆಗ ಇರಲಿಲ್ಲ. ಹುಡುಗರು, ಊರಿನವರು ಪಿಕಪ್ ಗಾಡಿಗಳನ್ನು ರಿವರ್ಸ್ ಹಾಕಿ ಎಡ ಬೇಲಿಗೆ ಹಿಂಬದಿ ಒತ್ತಿ ನಿಲ್ಲಿಸಿದರು. ಗಾಡಿಯ ಮೇಲೆ ಕುರ್ಚಿ, ಪಕ್ಕದಲ್ಲಿ ಒಲೆ, ಐಸ್ ಪೆಟ್ಟಿಗೆ. ಯಾರೂ ನಕ್ಷೆ ಹಾಕಲಿಲ್ಲ. ಯಾರೂ ಟೆಂಡರ್ ಕರೆಯಲಿಲ್ಲ.

ಇಲ್ಲಿ ನನ್ನ ವೃತ್ತಿಯ ಒಂದು ಮಾತು ಹೇಳಬೇಕು. ಗ್ಯಾಲರಿ ಕಟ್ಟುವಾಗ ನಮಗೆ ತಲೆನೋವು ಎಂದರೆ ಕಣ್ಣಿನ ಗೆರೆ. ಹಿಂದಿನ ಸಾಲಿನವನ ಕಣ್ಣಿನಿಂದ ಆಟದ ಜಾಗಕ್ಕೆ ಗೆರೆ ಎಳೆದರೆ ಅದು ಮುಂದಿನವನ ತಲೆಯ ಮೇಲೆ ಹಾದು ಹೋಗಬೇಕು. ಎಷ್ಟು ಮೇಲೆ ಎನ್ನುವುದನ್ನು ಮಿಲಿಮೀಟರಿನಲ್ಲಿ ಲೆಕ್ಕ ಹಾಕುತ್ತೇವೆ. 60 ಇದ್ದರೆ ಕತ್ತು ಆಚೀಚೆ ಮಾಡಿ ನೋಡಬೇಕು. 90 ಇದ್ದರೆ ಆರಾಮ. 120 ಸಿಕ್ಕರೆ ಮುಂದಿನವನು ಟೋಪಿ ಹಾಕಿದ್ದರೂ ತೊಂದರೆ ಇಲ್ಲ. ಆದರೆ ಬೇಲಿಯ ಹಿಂದೆ ಸಮತಟ್ಟು ನೆಲದಲ್ಲಿ ನಿಂತರೆ ಕಾಣುವುದು ಬೇಲಿ ಮಾತ್ರ. ಪಿಕಪ್ ಗಾಡಿಯ ಹಿಂಬದಿ ನೆಲದಿಂದ ಎರಡೂವರೆ, ಮೂರು ಅಡಿ ಎತ್ತರ. ಅದರ ಮೇಲೆ ನಿಂತರೆ ಕಣ್ಣು ಹತ್ತಿರ ಹತ್ತಿರ ಎಂಟು ಅಡಿಗೆ ಬರುತ್ತದೆ. ನಾವು ಕಂಪ್ಯೂಟರಿನಲ್ಲಿ ಮಾಡುವ ಲೆಕ್ಕವನ್ನು ಆ ಜನ ಗಾಡಿಯಲ್ಲೇ ಮಾಡಿ ಮುಗಿಸಿದ್ದರು.

ಆಮೇಲೆ ಇನ್ನೂ ಮುಂದಕ್ಕೆ ಹೋದರು. ಗಾಡಿಯ ಮೇಲೆ ಮರದ ಅಟ್ಟ ಕಟ್ಟಿದರು. ಹಳೇ ಟ್ರೇಲರ್ ತಂದು ಮೂರು ಸಾಲು ಬೆಂಚು ವೆಲ್ಡಿಂಗ್ ಮಾಡಿಸಿದರು. ಕೆಲವು ಗಾಡಿಗಳು ಎಷ್ಟು ಬದಲಾದವು ಎಂದರೆ ಮತ್ತೆ ರಸ್ತೆಗೆ ಇಳಿಯುವ ಸ್ಥಿತಿಯಲ್ಲೇ ಇರಲಿಲ್ಲ. ಜಾಗ ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಬಂತು. ನಮ್ಮಲ್ಲಿ ಜಾತ್ರೆಯಲ್ಲಿ ಪ್ರತಿ ವರ್ಷ ಅದೇ ಮರದ ಕೆಳಗೆ ಅದೇ ಮನೆಯವರು ಬಿಡಾರ ಹೂಡುತ್ತಾರಲ್ಲ, ಹಾಗೆ.

ಇದೆಲ್ಲ ಖುಷಿ ಕೊಡುವ ಕಥೆ ನಿಜ. ಆದರೆ ಮರದ ಅಟ್ಟ, ಕೆಳಗೆ ಕೆಂಡ, ಪಕ್ಕದಲ್ಲಿ ಗ್ಯಾಸ್ ಸಿಲಿಂಡರ್ ಎಂದರೆ ನನ್ನಂಥವನಿಗೆ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಮೈದಾನದ ಅಳತೆ ಸ್ವಲ್ಪ ಹೇಳಿಬಿಡುತ್ತೇನೆ. ನಾಲ್ಕು ಬೇಸ್‌ಗಳ ಚೌಕ, ಒಂದೊಂದು ಬದಿ 90 ಅಡಿ. ಚೆಂಡು ಎಸೆಯುವವನಿಂದ ಬ್ಯಾಟ್ ಹಿಡಿದವನಿಗೆ 60 ಅಡಿ 6 ಇಂಚು, ಅಂದರೆ 18.44 ಮೀಟರ್. ನಮ್ಮ ಕ್ರಿಕೆಟ್ ಪಿಚ್ 20.12 ಮೀಟರ್. ಎಸೆಯುವವನು ನಿಲ್ಲುವುದು 10 ಇಂಚು ಎತ್ತರದ ಮಣ್ಣಿನ ದಿಬ್ಬದ ಮೇಲೆ. ಇಷ್ಟಕ್ಕೆ ಕಟ್ಟುನಿಟ್ಟು. ಬೇಲಿ ಎಷ್ಟು ದೂರ ಇರಬೇಕು ಎನ್ನುವುದು ಮಾತ್ರ ಮೈದಾನದಿಂದ ಮೈದಾನಕ್ಕೆ ಬೇರೆ. ಅದಕ್ಕೇ ಬೇಸ್‌ಬಾಲ್ ಮೈದಾನಗಳಿಗೆ ಒಂದೊಂದಕ್ಕೂ ಒಂದೊಂದು ಮುಖ.

ದಿಕ್ಕಿನ ವಿಷಯ ಇನ್ನೂ ಚೆನ್ನಾಗಿದೆ. ಕ್ರಿಕೆಟ್ ಪಿಚ್ಚನ್ನು ನಾವು ಉತ್ತರ-ದಕ್ಷಿಣ ಹಾಕುತ್ತೇವೆ, ಸಂಜೆ ಬಿಸಿಲು ಬ್ಯಾಟ್ಸ್‌ಮನ್ ಕಣ್ಣಿಗೆ ಹೊಡೆಯಬಾರದು ಅಂತ. ಬೇಸ್‌ಬಾಲ್ ನಿಯಮ ಪುಸ್ತಕ ಹೇಳುವುದು ಬೇರೆ. ಬ್ಯಾಟ್ ಮಾಡುವವನು ಪೂರ್ವ ಮತ್ತು ಈಶಾನ್ಯದ ನಡುವೆ ಮುಖ ಮಾಡಿ ನಿಂತರೆ ಒಳ್ಳೆಯದು ಅಂತ. ಆಗ ಇಳಿಬಿಸಿಲು ಅವನ ಬೆನ್ನಿಗೆ. ಅವನ ಹಿಂದೆ ಇರುವ ಮುಖ್ಯ ಗ್ಯಾಲರಿಯವರ ಬೆನ್ನಿಗೂ ಅದೇ. ಚೆಂಡು ಎಸೆಯುವವನು ಪಶ್ಚಿಮದ ಕಡೆ ನೋಡುತ್ತಾನೆ, ಅವನ ಎಡಗೈ ದಕ್ಷಿಣಕ್ಕೆ ಬರುತ್ತದೆ. ಎಡಗೈ ಎಸೆತಗಾರನಿಗೆ ಅಮೆರಿಕನ್ನರು 'ಸೌತ್‌ಪಾ' ಎನ್ನುವುದು ಇದರಿಂದಲೇ ಅಂತ ಒಂದು ಮಾತಿದೆ. ನಮ್ಮ ಕಡೆ ಒಂದು ಕಾಲೇಜಿನಲ್ಲಿ ಅತಿಥಿಗಳ ಪೆವಿಲಿಯನ್ನನ್ನು ಪೂರ್ವ ಬದಿಯಲ್ಲಿ, ಪಶ್ಚಿಮಕ್ಕೆ ಮುಖ ಮಾಡಿ ಕಟ್ಟಿಸಿದ್ದರು. ರಸ್ತೆಯಿಂದ ಚೆನ್ನಾಗಿ ಕಾಣಲಿ ಅಂತ! ಬಹುಮಾನ ವಿತರಣೆಯ ಹೊತ್ತಿಗೆ ಮುಖ್ಯ ಅತಿಥಿಗಳು ಕಣ್ಣಿಗೆ ಕೈ ಅಡ್ಡ ಹಿಡಿದು ಕೂತಿರುತ್ತಾರೆ.

ಈಗ ಮಣ್ಣಿನ ವಿಚಾರ. ಸ್ಟಾರ್ಕ್‌ವಿಲ್ ಇರುವುದು ಬ್ಲ್ಯಾಕ್ ಪ್ರೇರಿ ಎಂಬ ಕಪ್ಪು ಮಣ್ಣಿನ ಪಟ್ಟಿಯ ಅಂಚಿನಲ್ಲಿ. ನಮ್ಮ ಗದಗ, ಧಾರವಾಡದ ಎರೆ ಭೂಮಿಯ ಥರದ್ದೇ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಎರೆ ಮೇಲೆ ಕಟ್ಟಿದ ಮನೆಯವರನ್ನು ಕೇಳಿ, ಗೋಡೆಯ ಸೀಳುಗಳ ಕಥೆ ಹೇಳುತ್ತಾರೆ. ಜೊತೆಗೆ ಆ ಕಡೆ ವರ್ಷಕ್ಕೆ ಸುಮಾರು 1,400 ಮಿಲಿಮೀಟರ್ ಮಳೆ. ಅದರಲ್ಲಿ ಒಳ್ಳೇ ಪಾಲು ಆಟದ ಸೀಸನ್ನಿನಲ್ಲೇ ಬೀಳುತ್ತದೆ. ಕಾಲೇಜು ಬೇಸ್‌ಬಾಲ್ ಶುರುವಾಗುವುದು ಫೆಬ್ರವರಿ ನಡುವೆ, ಮುಗಿಯುವುದು ಜೂನ್‌ನಲ್ಲಿ. ಇಂಥ ನೆಲದಲ್ಲಿ ಹುಲ್ಲನ್ನು ನೇರವಾಗಿ ಮಣ್ಣಿಗೆ ಹಾಕಿದರೆ ಮೊದಲ ಮಳೆಗೇ ಗದ್ದೆ.

ಒಳ್ಳೆಯ ಮೈದಾನದಲ್ಲಿ ಮೂಲ ಮಣ್ಣಿನ ಮೇಲೆ ಜಲ್ಲಿ, ಅದರೊಳಗೆ ಮೀನಿನ ಮುಳ್ಳಿನಂತೆ ಹರಡಿದ ತೂತಿನ ಪೈಪು, ಮೇಲೆ ಸುಮಾರು ಒಂದು ಅಡಿ ಮರಳು, ಅದರಲ್ಲಿ ಹುಲ್ಲು ಇರುತ್ತದೆ. ನೀರು ನಿಲ್ಲದೆ ಇಳಿದು ಹೋಗುತ್ತದೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2017ರಲ್ಲಿ ಹಾಕಿದ ಸಬ್‌ಏರ್ ವ್ಯವಸ್ಥೆ ಇದರ ಮುಂದಿನ ಹೆಜ್ಜೆ. ಅದು ಪೈಪಿನ ಮೂಲಕ ನೀರನ್ನು ಹೀರಿ ಎಳೆಯುತ್ತದೆ. ಅದೂ ಅಮೆರಿಕದ ಗಾಲ್ಫ್ ಮೈದಾನಗಳಿಂದ ಬಂದದ್ದೇ.

ಓಡುವ ಜಾಗದ ಕೆಂಪು ಮಣ್ಣು ಮಾತ್ರ ಬೇರೆ ಶಾಸ್ತ್ರ. ಅರ್ಧಕ್ಕಿಂತ ಜಾಸ್ತಿ ಮರಳು, ಉಳಿದದ್ದು ಮೆಕ್ಕಲು ಮತ್ತು ಜೇಡಿ. ಜೇಡಿ ಹೆಚ್ಚಾದರೆ ಚೆಂಡು ಕಲ್ಲಿನ ಮೇಲೆ ಬಿದ್ದಂತೆ ಪುಟಿಯುತ್ತದೆ. ಕಡಿಮೆಯಾದರೆ ಆಟಗಾರನ ಕಾಲು ಕುಸಿಯುತ್ತದೆ. ಸರಿಯಾದ ಹದಕ್ಕೆ ಬಂದಾಗ ಬೂಟಿನ ಮೊಳೆ ಒಳಗೆ ಹೋಗಿ, ಹೆಂಟೆ ಏಳದೆ ಹೊರಗೆ ಬರಬೇಕು. ಚಪಾತಿ ಹಿಟ್ಟು ಕಲಸುವವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಹುಲ್ಲು ಯಾವುದು ಗೊತ್ತಾ? ಗರಿಕೆ. ಅಮೆರಿಕದ ದಕ್ಷಿಣದಲ್ಲಿ ಆಟದ ಮೈದಾನಕ್ಕೆ ಹಾಕುವ ಬರ್ಮುಡಾ ಹುಲ್ಲು ನಾವು ಗಣಪತಿಗೆ ಏರಿಸುವ ಗರಿಕೆಯ ಕುಲದ್ದೇ. ಎಲ್ಲ ಕಡೆ ಹೆಸರಾದ ಟಿಫ್‌ವೇ 419 ಎಂಬ ತಳಿ ಗರಿಕೆಯನ್ನು ಅದರ ಆಫ್ರಿಕದ ದಾಯಾದಿಯ ಜೊತೆ ಕೂಡಿಸಿ ಮಾಡಿದ್ದು. ಜಾರ್ಜಿಯಾ ರಾಜ್ಯದ ಟಿಫ್ಟನ್‌ನಲ್ಲಿ 1960ರಲ್ಲಿ ಬಿಡುಗಡೆಯಾಯಿತು. ಹೊಲದಲ್ಲಿ ಗರಿಕೆ ಕಂಡರೆ ನಮ್ಮ ರೈತ ಶಾಪ ಹಾಕುತ್ತಾನೆ, ಎಷ್ಟು ಕಿತ್ತರೂ ಬರುತ್ತದೆ ಅಂತ. ಮೈದಾನದವನಿಗೆ ಬೇಕಾದದ್ದೇ ಆ ಗುಣ. ಬೂಟು ತುಳಿದು ಹರಿದರೂ ಪಕ್ಕದಿಂದ ಹಬ್ಬಿ ಗಾಯ ಮುಚ್ಚುತ್ತದೆ. ಅದಕ್ಕೆ ಒಂದೇ ದೌರ್ಬಲ್ಯ, ಚಳಿ. ಚಳಿಗಾಲದಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿ ಮಲಗಿಬಿಡುತ್ತದೆ. ಫೆಬ್ರವರಿಯಲ್ಲಿ ಆಟ ಶುರುವಾಗುವಾಗ ಅದಕ್ಕೆ ಇನ್ನೂ ನಿದ್ದೆ. ಹಾಗಾಗಿ ದಕ್ಷಿಣದ ಕಾಲೇಜುಗಳಲ್ಲಿ ಅಕ್ಟೋಬರ್ ಹೊತ್ತಿಗೇ ಅದರ ಮೇಲೆ ರೈ ಹುಲ್ಲಿನ ಬೀಜ ಚೆಲ್ಲುವುದು ರೂಢಿ. ಟಿವಿಯಲ್ಲಿ ಮಾರ್ಚ್ ತಿಂಗಳ ಪಂದ್ಯದಲ್ಲಿ ಕಾಣುವ ಪಚ್ಚೆ ಹಸಿರು ಬಹುಪಾಲು ರೈ. ಬೇಸಿಗೆ ಏರುತ್ತಿದ್ದಂತೆ ರೈ ಸಾಯಬೇಕು, ಗರಿಕೆ ಏಳಬೇಕು. ಆ ಕೈಬದಲಾವಣೆ ಆಗುವುದು ಸರಿಯಾಗಿ ದೊಡ್ಡ ಪಂದ್ಯಗಳ ಹೊತ್ತಿಗೆ. ಮೈದಾನ ನೋಡಿಕೊಳ್ಳುವವರಿಗೆ ಮೇ ತಿಂಗಳಿನಲ್ಲಿ ನಿದ್ದೆ ಕಡಿಮೆ.

ಈ ವಿದ್ಯೆಗೆ ಅಲ್ಲಿ ಕೊರತೆ ಇಲ್ಲ. ಮಿಸಿಸಿಪ್ಪಿ ಸ್ಟೇಟ್ 1878ರಲ್ಲಿ ಹುಟ್ಟಿದ್ದೇ ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜಾಗಿ. ಆಟದ ಹುಲ್ಲು ಬೆಳೆಸುವುದನ್ನೇ ಅಲ್ಲಿ ಡಿಗ್ರಿಯಾಗಿ ಓದಬಹುದು. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಶುರುವಾದದ್ದೂ ಅಮೆರಿಕದ ಇಂಥ ಕಾಲೇಜುಗಳ ಮಾದರಿಯಲ್ಲೇ. ಜಿಕೆವಿಕೆಯಲ್ಲಿ ಕೃಷಿ ಮೇಳ ನೋಡಿದವರಿಗೆ ಸ್ಟಾರ್ಕ್‌ವಿಲ್ ಅಷ್ಟೇನೂ ಪರಕೀಯ ಅನ್ನಿಸದು. ಫುಟ್‌ಬಾಲ್ ಪಂದ್ಯಕ್ಕೆ ಅಲ್ಲಿನ ಜನ ಹಸುವಿನ ಕೊರಳ ಗಂಟೆ ಹಿಡಿದುಕೊಂಡು ಹೋಗುತ್ತಾರೆ. ಇದಕ್ಕಿಂತ ಇನ್ನೇನು ಬೇಕು?

ಕಟ್ಟಡದ ಕಥೆಗೆ ಬರೋಣ. ರಾನ್ ಪೋಕ್ ಎಂಬ ಕೋಚ್ 1976ರಲ್ಲಿ ಬಂದರು. ವಿಲ್ ಕ್ಲಾರ್ಕ್, ರಾಫೆಲ್ ಪಾಲ್ಮೆರೊ ಒಟ್ಟಿಗೆ ಆಡಿದ 1985ರ ತಂಡ ಅವರದೇ. ಇಬ್ಬರೂ ಮುಂದೆ ಮೇಜರ್ ಲೀಗ್‌ನಲ್ಲಿ, ಅಂದರೆ ಅಮೆರಿಕದ ವೃತ್ತಿಪರ ಬೇಸ್‌ಬಾಲಿನಲ್ಲಿ, ದೊಡ್ಡ ಹೆಸರಾದರು. ಜನ ಹೆಚ್ಚಾದರು, 1987ರಲ್ಲಿ ಹೊಸ ಗ್ಯಾಲರಿ ಬಂತು. 1998ರಲ್ಲಿ ಅದಕ್ಕೆ ಪೋಕ್ ಮತ್ತು ದಾನಿ ಡಿಮೆಂಟ್ ಅವರ ಹೆಸರಿಟ್ಟರು. ನೆಲ ಡ್ಯೂಡಿ ನೋಬಲ್ ಅವರದು, ಕಟ್ಟಡ ಪೋಕ್-ಡಿಮೆಂಟ್ ಅವರದು. ಮಳೆಯಲ್ಲಿ ಅಭ್ಯಾಸ ಮಾಡಲು ಕಟ್ಟಿದ ಒಳಾಂಗಣಕ್ಕೆ ಪಾಲ್ಮೆರೊ ಹೆಸರು.

ಆಮೇಲೆ ದೊಡ್ಡ ಕೆಲಸ. ಇಡೀ ಮೈದಾನದ ಗ್ಯಾಲರಿಯನ್ನು ಹಂತ ಹಂತವಾಗಿ ಕೆಡವಿ ಕಟ್ಟಿದರು. 2019ರ ಸೀಸನ್ನಿಗೆ ಮುಗಿಯಿತು. ಖರ್ಚು 6.8 ಕೋಟಿ ಡಾಲರ್. ಈಗ ಆಟ ನೋಡುತ್ತಲೇ ಮೈದಾನದ ಸುತ್ತ ಒಂದು ಪ್ರದಕ್ಷಿಣೆ ಹಾಕಬಹುದು. ಎಡ ಬೇಲಿಯ ಹಿಂದೆ ಬಾಲ್ಕನಿಯಿಂದ ಆಟ ಕಾಣುವ ವಾಸದ ಮನೆಗಳೂ ಇವೆ. ಡಗ್‌ಔಟ್, ಡ್ರೆಸ್ಸಿಂಗ್ ರೂಮ್, ಸೂಟ್‌ಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ದುಡ್ಡಿದ್ದ ಕಡೆ ಅವು ಚೆನ್ನಾಗೇ ಇರುತ್ತವೆ.

ನಾನು ನೋಡಲು ಹೋದದ್ದು ಲೌಂಜನ್ನು. ಅಷ್ಟು ದುಡ್ಡು ಸುರಿಯುವಾಗ ಆ ಜಾಗದಲ್ಲಿ ಮಾಮೂಲಿ ಗ್ಯಾಲರಿ ಕಟ್ಟಿ ಟಿಕೆಟ್ ಮಾರುವುದು ಎಲ್ಲಕ್ಕಿಂತ ಸುಲಭ. ಅವರು ಹಾಗೆ ಮಾಡಲಿಲ್ಲ. ಜಾಗವನ್ನು ಜಾಗವಾಗೇ ಉಳಿಸಿದರು. ಆದರೆ ಗಾಡಿಗಳು ಹೋದವು. ತುಕ್ಕು ಹಿಡಿದ ಟ್ರೇಲರ್, ಯಾರದೋ ಅಜ್ಜ ವೆಲ್ಡಿಂಗ್ ಮಾಡಿದ ಬೆಂಚು ಹೋದವು. ಅವುಗಳ ಜಾಗದಲ್ಲಿ ಒಂದೇ ಥರದ, ಗಟ್ಟಿಮುಟ್ಟಾದ ಅಟ್ಟಗಳು ಬಂದವು. ಬೆಂಕಿ ಹಚ್ಚಲು ಭಯವಿಲ್ಲ, ಅಟ್ಟ ಕುಸಿಯುವ ಭಯವೂ ಇಲ್ಲ. ಎಂಜಿನಿಯರ್ ಆಗಿ ನಾನಾದರೂ ಅದನ್ನೇ ಮಾಡುತ್ತಿದ್ದೆ. ಹಳೇ ಫೋಟೋಗಳನ್ನು ನೋಡಿದಾಗ ಮಾತ್ರ ಏನೋ ಕೈಬಿಟ್ಟ ಹಾಗನ್ನಿಸುತ್ತದೆ.

ಹಳೆಯದನ್ನು ಉಳಿಸಿಕೊಂಡೇ ಕಟ್ಟಿದ ಉದಾಹರಣೆಯೂ ಇದೆ. ಇದೇ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಓದಿದ ಜಾನೆಟ್ ಮರೀ ಸ್ಮಿತ್, 1992ರಲ್ಲಿ ತೆರೆದ ಬಾಲ್ಟಿಮೋರ್‌ನ ಕ್ಯಾಮ್ಡೆನ್ ಯಾರ್ಡ್ಸ್ ಮೈದಾನದ ಯೋಜನೆಯಲ್ಲಿ ಮುಖ್ಯರು. ಅಲ್ಲಿ ಬಲ ಬೇಲಿಯ ಹಿಂದೆ ರೈಲ್ವೆಯ ಹಳೇ ಇಟ್ಟಿಗೆ ಗೋದಾಮು ಇತ್ತು. ಕೆಡವಲಿಲ್ಲ, ಮೈದಾನದ ಭಾಗವಾಗಿ ಉಳಿಸಿದರು. ಆಮೇಲೆ ಅಮೆರಿಕದಲ್ಲಿ ಮೈದಾನ ಕಟ್ಟುವ ರೀತಿಯೇ ಬದಲಾಯಿತು.

ಹೊಸ ಮೈದಾನ ಬಂದು ಎರಡು ವರ್ಷಕ್ಕೆ, 2021ರ ಜೂನ್ 30ರಂದು, ಒಮಾಹಾ ನಗರದಲ್ಲಿ ನಡೆದ ಕಾಲೇಜು ಬೇಸ್‌ಬಾಲಿನ ರಾಷ್ಟ್ರೀಯ ಫೈನಲ್‌ನಲ್ಲಿ ಮಿಸಿಸಿಪ್ಪಿ ಸ್ಟೇಟ್ ವ್ಯಾಂಡರ್‌ಬಿಲ್ಟ್ ತಂಡವನ್ನು 9-0 ಸೋಲಿಸಿತು. ಯಾವ ತಂಡದ ಆಟದಲ್ಲೂ ಆ ವಿಶ್ವವಿದ್ಯಾಲಯಕ್ಕೆ ಅದೇ ಮೊದಲ ರಾಷ್ಟ್ರೀಯ ಪ್ರಶಸ್ತಿ. ಗ್ಯಾಲರಿ ಗೆಲ್ಲಿಸಿತು ಎಂದು ನಾನು ಹೇಳುವುದಿಲ್ಲ. ಹೇಳಿದರೆ ನಮ್ಮ ಕಾಲೇಜಿನವರು ಇನ್ನೊಂದು ವಿಐಪಿ ಗ್ಯಾಲರಿ ಕೇಳುತ್ತಾರೆ, ಅಲ್ವಾ?

ನಾನು ಹೋದ ದಿನ ಲೌಂಜಿನಲ್ಲಿ ಸುಮ್ನೆ ನಿಂತು ಅಟ್ಟದ ಕಂಬಗಳನ್ನು ಎಣಿಸುತ್ತಿದ್ದೆ. ಬಿಳಿಕೂದಲಿನ ಒಬ್ಬರು ಕರೆದು ಕಾಗದದ ತಟ್ಟೆಯಲ್ಲಿ ಮಾಂಸ ಹಾಕಿ ಕೊಟ್ಟರು. ನಾನು ತಿನ್ನುವುದಿಲ್ಲ ಎಂದು ಅಕ್ಕನ ಮಗ ಹೇಳಿದ. ಒಂದು ನಿಮಿಷಕ್ಕೆ ಸುಟ್ಟ ಜೋಳ ಬಂತು.

ಈ ವರ್ಷ ನಮ್ಮ ಕಡೆಯ ಒಂದು ಕಾಲೇಜಿಗೆ ಮೈದಾನದ ನಕ್ಷೆ ಮಾಡುತ್ತಿದ್ದೇನೆ. ಬೌಂಡರಿಯ ಆಚೆ ಒಂದು ಬೇವಿನ ಮರ ಇದೆ. ಅದರ ಕೆಳಗೆ ಹುಡುಗರು ಬೈಕ್ ನಿಲ್ಲಿಸಿ, ಸೀಟಿನ ಮೇಲೆ ಕೂತು ಮ್ಯಾಚ್ ನೋಡುತ್ತಾರೆ. ಶೇಂಗಾ ಮಾರುವ ಒಬ್ಬಾಕೆ ಅಲ್ಲೇ ಬುಟ್ಟಿ ಇಡುತ್ತಾಳೆ. ನಕ್ಷೆಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೆ. ಮೊನ್ನೆ ಆಡಳಿತ ಮಂಡಳಿಯವರು ಬೆರಳಿಟ್ಟು ಕೇಳಿದರು, "ಇಲ್ಲಿ ಏನು ಬರುತ್ತೆ ಸರ್?" ಪೆನ್ಸಿಲ್ ತೆಗೆದು ಮರ ಬರೆದೆ. ಕೆಳಗೆ ನಾಲ್ಕು ಬೈಕ್ ಬರೆದೆ. ಬುಟ್ಟಿ ಬರೆಯಲು ಜಾಗ ಸಾಲಲಿಲ್ಲ, ಅಳತೆ ಬದಲಿಸಿ ಮತ್ತೆ ತರುತ್ತೇನೆ ಎಂದು ಎದ್ದು ಬಂದೆ.