ಮೇಲಿಂದ ಇಳಿದ ಓಝೋನೋ, ಹಿಮದಲ್ಲೇ ಹುಟ್ಟಿದ್ದೋ?

ಧಾರವಾಡದಲ್ಲಿ ಎಂ.ಎಸ್ಸಿ. ಹುಡುಗರಿಗೆ ವಾತಾವರಣದ ಪಾಠ ಮಾಡುವಾಗ ಈ ಪ್ರಶ್ನೆ ಬಂದೇ ಬರುತ್ತದೆ: "ಸರ್, ಓಝೋನ್ ಇರೋದು ಮ್ಯಾಲಲ್ರೀ? ಅಂಟಾರ್ಕ್ಟಿಕಾದ ಹಿಮದ ಮ್ಯಾಲ ಹೆಂಗ ಸಿಗತೈತಿ?"

ತಪ್ಪು ನಮ್ಮದೇ. ಬೋರ್ಡಿನ ಮೇಲೆ ವಾತಾವರಣದ ಕೆಳಗಿನ, ಮೇಲಿನ ಪದರಗಳ ನಡುವೆ ಗಟ್ಟಿ ಗೆರೆ ಎಳೆದುಬಿಡುತ್ತೇವೆ. ಧಾರವಾಡದ ಮೇಲೆ ಆ ಗಡಿ ಸುಮಾರು 16-17 ಕಿ.ಮೀ. ಎತ್ತರದಲ್ಲಿದೆ, ಧ್ರುವಗಳಲ್ಲಿ 8-9 ಕಿ.ಮೀ. ಅಷ್ಟೇ. ಶೇ. 90ರಷ್ಟು ಓಝೋನ್ ಇರುವುದು ಗಡಿಯ ಆಚೆ, ಮೇಲಿನ ಪದರವಾದ ಸ್ಟ್ರಾಟೋಸ್ಫಿಯರ್‌ನಲ್ಲಿ. ಅದು ಜಾಸ್ತಿ ತಯಾರಾಗುವುದು ಬಿಸಿಲು ಬಲವಾಗಿರುವ ಸಮಭಾಜಕದ ಮೇಲೆ. ಅಲ್ಲಿಂದ ನಿಧಾನಕ್ಕೆ ಧ್ರುವದ ಕಡೆ ಸಾಗಿ, ಚಳಿಗಾಲದಲ್ಲಿ ಕೆಳಕ್ಕೆ ಜಾರುತ್ತದೆ. ಇದಕ್ಕೆ ಬ್ರೂವರ್-ಡಾಬ್ಸನ್ ಪರಿಚಲನೆ ಅನ್ನುತ್ತಾರೆ.

ಆದರೆ ಗಡಿ ದಾಟಿಸುವುದು ಹೆಚ್ಚಾಗಿ ಬಿರುಗಾಳಿಗಳ ಕೆಲಸ. ಎತ್ತರದಲ್ಲಿ ರಭಸವಾಗಿ ಬೀಸುವ ಜೆಟ್ ಗಾಳಿಯ ಪಕ್ಕದಲ್ಲಿ ಗಡಿ ಇಳಕಲ್ ಸೀರೆಯ ನಿರಿಗೆಯ ಹಾಗೆ ಮಡಿಚಿಕೊಳ್ಳುತ್ತದೆ. ಮೇಲಿನ ಗಾಳಿಯ ತೆಳು ಪಟ್ಟಿಯೊಂದು ಕೆಳಗೆ ನುಗ್ಗುತ್ತದೆ. ಅದು ಹಾಗೇ ವಾಪಸ್ ಮೇಲೇರಿದರೆ ಲೆಕ್ಕಕ್ಕಿಲ್ಲ. ಹರಿದು, ಕೆಳಗಿನ ಗಾಳಿಯಲ್ಲಿ ಬೆರೆತರೆ ಮಾತ್ರ ಓಝೋನ್ ಇಳಿಯಿತು ಅನ್ನಬೇಕು. ಪರೀಕ್ಷೆಯಲ್ಲಿ ಇದನ್ನು ಬರೆಯುವವರು ಕಡಿಮೆ!

ಇಳಿದದ್ದು ಗೊತ್ತಾಗುವುದು ಹೇಗೆ? ಬಲೂನಿಗೆ ಓಝೋನ್ ಅಳೆಯುವ ಉಪಕರಣವಾದ ಓಝೋನ್‌ಸಾಂಡ್ ಕಟ್ಟಿ ಬಿಡುತ್ತಾರೆ. ಅಂಟಾರ್ಕ್ಟಿಕಾದಲ್ಲಿರುವ ನಮ್ಮ ದೇಶದ ಮೈತ್ರಿ ಕೇಂದ್ರದಿಂದಲೂ ಬಿಟ್ಟಿದ್ದಾರೆ. ಒಳಗಿರುವುದು ಪೊಟ್ಯಾಸಿಯಂ ಅಯೋಡೈಡ್ ದ್ರಾವಣ. ಓಝೋನ್ ತಾಗಿದಷ್ಟೂ ಕರೆಂಟ್ ಹರಿಯುತ್ತದೆ. ಗ್ರಾಫ್ ಕೊಟ್ಟಾಗ ಹುಡುಗರು ಓಝೋನ್ ಗೆರೆಯನ್ನೇ ದಿಟ್ಟಿಸುತ್ತಾರೆ. ಪಕ್ಕದ ತೇವಾಂಶದ ಗೆರೆ ನೋಡಿ ಅನ್ನುತ್ತೇನೆ. ಒಂದೇ ಎತ್ತರದಲ್ಲಿ ಓಝೋನ್ ಏರಿ ತೇವ ಕುಸಿದಿದ್ದರೆ, ಆ ಗಾಳಿ ಒಣಗಿರುವ ಮೇಲಿನ ಪದರದ್ದಿರಬಹುದು. ಧ್ರುವದ ಗಾಳಿ ಮೊದಲೇ ಒಣ, ಹಾಗಾಗಿ ಇದೊಂದನ್ನೇ ನಂಬುವಂತಿಲ್ಲ. ಬೆರಿಲಿಯಂ-7 ಎಂಬ ವಿಕಿರಣಶೀಲ ಪರಮಾಣುವನ್ನೂ ಅಳೆದರೆ ಒಳ್ಳೆಯದು. ಕಾಸ್ಮಿಕ್ ಕಿರಣಗಳಿಂದ ಅದು ಹೆಚ್ಚಾಗಿ ಹುಟ್ಟುವುದು ಮೇಲೆಯೇ.

ಇಷ್ಟಾದರೂ ನೆಲದ ಹತ್ತಿರದ ಓಝೋನೆಲ್ಲ ಮೇಲಿಂದ ಬಂದದ್ದಲ್ಲ. ಬೇಸಿಗೆಯಲ್ಲಿ ದಕ್ಷಿಣ ಧ್ರುವದ ಹಿಮದೊಳಗಿನ ನೈಟ್ರೇಟ್ ಬಿಸಿಲಿಗೆ ಒಡೆದು ನೈಟ್ರೋಜನ್ ಆಕ್ಸೈಡ್ ಬಿಡುತ್ತದೆ. ಅದರಿಂದ ಅಲ್ಲೇ ಓಝೋನ್ ತಯಾರಾಗುತ್ತದೆ. ಹುಬ್ಬಳ್ಳಿಯಲ್ಲಿ ವಾಹನದ ಹೊಗೆ ಮಾಡುವ ಕೆಲಸವನ್ನು ಅಲ್ಲಿ ಹಿಮ ಮಾಡುತ್ತದೆ. ಆರ್ಕ್ಟಿಕ್‌ನ ವಸಂತದಲ್ಲಿ ಇದರ ಉಲ್ಟಾ. ಸಮುದ್ರದ ಉಪ್ಪಿನಿಂದ ಬಂದ ಬ್ರೋಮಿನ್ ನೆಲಮಟ್ಟದ ಓಝೋನನ್ನು ಕೆಲವೊಮ್ಮೆ ಪೂರ್ತಿ ತಿಂದುಹಾಕುತ್ತದೆ, ಮೇಲೆ ಎಷ್ಟೇ ಇರಲಿ.